ಮರುಕಳಿಸುವ ಗೋಡೆಗಳ ನಗರ



ವಿಡಿಯೊ ಗೇಮ್‌ಗಳ ನಗರಗಳಲ್ಲಿ ಒಂದೇ ಗೋಡೆಯ ಚಿತ್ರ ಹತ್ತಾರು ಬೀದಿಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಮೇಲ್ಮೈಗಳಿಗೆ ಹೊದಿಸುವ ಇಂಥ ಚಿತ್ರಗಳ, ಅಂದರೆ ಟೆಕ್ಸ್ಚರ್‌ಗಳ, ಈ ಮರುಬಳಕೆಯನ್ನು ಯಂತ್ರದ ಬಡತನವೆಂದು ಬಗೆದು ವಿಮರ್ಶೆ ಮುಂದೆ ಸಾಗುವುದೇ ಹೆಚ್ಚು. ಬಡತನವೇನೋ ನಿಜ: ಪ್ಲೇಸ್ಟೇಷನ್ 2ರ ಗ್ರಾಫಿಕ್ಸ್ ಚಿಪ್‌ಗೆ ಇದ್ದ ಮೆಮೊರಿ ಬರೀ 4 ಮೆಗಾಬೈಟ್. ಆದರೆ ಮಿತವ್ಯಯದಿಂದ ಹುಟ್ಟಿದ್ದೆಲ್ಲ ಮಿತವ್ಯಯವಾಗಿಯೇ ಉಳಿಯಬೇಕೆಂದಿಲ್ಲ. ಈ ಗೋಡೆಗಳನ್ನು ಕಟ್ಟಿಸಿದವರು ಯಾರು ಎಂಬ ಪ್ರಶ್ನೆಗೆ ಕಥಾಲೋಕದೊಳಗೇ ಉತ್ತರ ಸಿಕ್ಕಾಗ, ಮರುಬಳಕೆಯೇ ಆ ನಗರದ ವಾತಾವರಣವಾಗುತ್ತದೆ ಎಂಬುದು ನನ್ನ ವಾದ.

ವಾಲ್ವ್ ಸಂಸ್ಥೆ 2004ರಲ್ಲಿ ಹೊರತಂದ ‘ಹಾಫ್-ಲೈಫ್ 2’ ಆಟದ ಸಿಟಿ 17 ಎಂಬ ನಗರ ಇದಕ್ಕೆ ಒಳ್ಳೆಯ ಸಾಕ್ಷಿ. ಆ ಆಟದ ಕಲಾ ನಿರ್ದೇಶಕ ವಿಕ್ಟರ್ ಆಂಟೊನೊವ್ ಬಲ್ಗೇರಿಯಾದ ಸೋಫಿಯಾದಲ್ಲಿ ಹುಟ್ಟಿದವರು. ಪೂರ್ವ ಯುರೋಪಿನ ನಗರಗಳಂತೆ ಸಿಟಿ 17ರಲ್ಲಿಯೂ ಗಾರೆ ಕಳಚಿದ ಹಳೆಯ ಕಟ್ಟಡಗಳ ಪಕ್ಕದಲ್ಲಿ ಕಾಂಕ್ರೀಟಿನ ವಸತಿ ಸಮುಚ್ಚಯಗಳಿವೆ. ಸರ್ಕಾರವೇ ಸಾಲುಸಾಲಾಗಿ ಕಟ್ಟಿಸಿದ ಮನೆಗಳು ಒಂದರಂತೆ ಇನ್ನೊಂದು ಇರುವುದು ಸಹಜವಾದ್ದರಿಂದ, ಮರುಕಳಿಸಿದ ಗೋಡೆ ಅಲ್ಲಿ ಚರಿತ್ರೆಯಂತೆ ಓದಿಸಿಕೊಳ್ಳುತ್ತದೆ. ಬೆಳಕನ್ನು ಮೊದಲೇ ಲೆಕ್ಕಹಾಕಿ ಪ್ರತಿ ಮೇಲ್ಮೈಗೂ ಪ್ರತ್ಯೇಕವಾಗಿ ಉಳಿಸಿಡುವ ತಂತ್ರದಿಂದಾಗಿ, ಚೌಕದ ಬಿಸಿಲಲ್ಲಿ ಹಿತವಾಗಿ ಕಂಡ ಗಾರೆಯೇ ಮೆಟ್ಟಿಲಸಂದಿಯಲ್ಲಿ ಮಂಕಾಗಿ, ತಣ್ಣಗೆ ಕಾಣುತ್ತದೆ. ಕಣ್ಣು ಈ ಗಾರೆಗೆ ಒಗ್ಗಿಹೋದ ಮೇಲೆ ಕಂಬೈನ್ ಎಂಬ ಆಕ್ರಮಣಕಾರರ ನೀಲಿಗಪ್ಪು ಲೋಹ ಎದುರಾದರೆ ಬೆಚ್ಚಿಬೀಳುತ್ತೇವೆ. ಮುಂದೆ ಆ ಲೋಹದ ಗೋಡೆಗಳು ಚಲಿಸುತ್ತ ಹಳೆಯ ಮನೆಗಳನ್ನು ಪುಡಿಗಟ್ಟುತ್ತವೆ. ಎರಡು ಬಗೆಯ ಟೆಕ್ಸ್ಚರ್‌ಗಳು ಸಂಧಿಸುವ ಆ ಗೆರೆಯೇ ಒಂದು ಊರು ಪರಾಧೀನವಾದ ಕಥೆಯನ್ನು ಹೇಳುತ್ತದೆ. ಪ್ರತಿ ಗೋಡೆಯೂ ಬೇರೆಬೇರೆಯಾಗಿದ್ದರೆ ಆ ಗೆರೆ ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಮರುಬಳಕೆ ನಂಬಿಕೆಯನ್ನೇ ಕೆಡಿಸುತ್ತದೆ ಎಂಬ ಆಕ್ಷೇಪವಿದೆ. ಅದಕ್ಕೆ ಬಲವಾದ ಆಧಾರವೂ ಇದೆ. ಕಿರ್ಕ್‌ವಾಲ್ ನಗರದ ಸುತ್ತ ನಡೆಯುವ, 2011ರ ‘ಡ್ರ್ಯಾಗನ್ ಏಜ್ 2’ ಆಟ ಒಂದೇ ಗುಹೆಯನ್ನು ಹಲವು ಜಾಗಗಳ ಹೆಸರಿನಲ್ಲಿ ತೋರಿಸಿ ಟೀಕೆಗೆ ಗುರಿಯಾಯಿತು. ಆದರೆ ಅಲ್ಲಿ ಮರುಬಳಕೆಯಾದದ್ದು ಮೇಲ್ಮೈಯಷ್ಟೇ ಅಲ್ಲ, ಜಾಗದ ವಿನ್ಯಾಸವೂ ಹೌದು. ಒಂದೇ ಇಟ್ಟಿಗೆಯ ಎರಡು ಮನೆಗಳನ್ನು ಮನಸ್ಸು ಒಪ್ಪುತ್ತದೆ; ಒಂದೇ ಮನೆಯನ್ನು ಎರಡು ಊರೆಂದರೆ ಒಪ್ಪುವುದಿಲ್ಲ. ಈ ಭೇದವನ್ನು ಗುರುತಿಸದೆ ನಡೆಯುವ ವಿಮರ್ಶೆ ಕಲಾವಿದರಿಗೆ ಅನ್ಯಾಯ ಮಾಡುತ್ತದೆ.

ಮೆಮೊರಿ ಅಗ್ಗವಾದ ಮೇಲೆ ಈ ಚರ್ಚೆಯೇ ಹಳತಾಯಿತಲ್ಲವೇ ಎಂದು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ನಿಜವಾದ ಕಲ್ಲು, ಮಣ್ಣು, ಗೋಡೆಗಳನ್ನು ಸ್ಕ್ಯಾನ್ ಮಾಡಿಟ್ಟ ಮೆಗಾಸ್ಕ್ಯಾನ್ಸ್ ಭಂಡಾರವಿದ್ದ ಕ್ವಿಕ್ಸೆಲ್ ಸಂಸ್ಥೆಯನ್ನು ಎಪಿಕ್ ಗೇಮ್ಸ್ 2019ರಲ್ಲಿ ಕೊಂಡಿತು. ಈಗ ಒಂದೇ ಬಂಡೆ ಪರಸ್ಪರ ಸಂಬಂಧವಿಲ್ಲದ ಆಟಗಳಲ್ಲಿ ಕಾಣಿಸಿಕೊಳ್ಳಬಹುದು. ಮರುಬಳಕೆ ಒಂದು ನಗರದ ಗಡಿಯನ್ನು ದಾಟಿ ಇಡೀ ಉದ್ಯಮಕ್ಕೆ ಹಬ್ಬಿದಾಗ, ಕಟ್ಟಿಸಿದವರು ಯಾರು ಎಂಬ ಪ್ರಶ್ನೆಗೆ ಕಥೆಯೊಳಗೆ ಉತ್ತರ ಹುಡುಕುವುದು ಇನ್ನಷ್ಟು ಕಷ್ಟ. ಆಗ ಕಥೆಯ ಹೊರಗೆ, ಗೋಡೆಗಳನ್ನು ರಚಿಸುವವರತ್ತ ನೋಡಬೇಕಾಗುತ್ತದೆ. 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್‌ನಂಥ ಸಂಸ್ಥೆಗಳ ಮೂಲಕ ಬೆಂಗಳೂರಿನ ಕಲಾವಿದರು ಹೊರದೇಶಗಳ ಆಟಗಳಿಗೆ ಕಲಾಕೆಲಸ ಮಾಡುತ್ತ ಬಂದಿದ್ದಾರೆ. ಯಾವ ಗೋಡೆ ಎಲ್ಲಿ ಮರುಕಳಿಸಬೇಕು, ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನದಲ್ಲಿ ಇಂಥ ಕಲಾವಿದರ ಪಾಲೆಷ್ಟು? ಇಂದಿನ ಗೋಷ್ಠಿಗಳು ಈ ಪ್ರಶ್ನೆಯಿಂದಲೇ ಆರಂಭವಾಗಲಿ ಎಂದು ಕೋರುತ್ತೇನೆ.