ಓದದೆ ಹಾಕಿದ ಸಹಿ



ಕೀನ್ಯಾದಲ್ಲಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ಪನ್ನು 'ಅಟ್ಯಾಚ್‌ಮೆಂಟ್' ಎನ್ನುತ್ತಾರೆ. ಕೆಲವು ವಾರ ಕಚೇರಿಯೊಂದರಲ್ಲಿ ದುಡಿದು, ದಿನದ ಕೆಲಸವನ್ನು ಲಾಗ್‌ಬುಕ್ಕಿನಲ್ಲಿ ಬರೆದು, ಮೇಲ್ವಿಚಾರಕರ ಸಹಿ ಪಡೆಯಬೇಕು. ನೈರೋಬಿಯಲ್ಲಿ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿನಿಯೊಬ್ಬಳು ತನ್ನ ಪುಸ್ತಕವನ್ನು ನನ್ನ ಮುಂದಿಟ್ಟಳು. ಪುಟಪುಟದಲ್ಲೂ ಒಂದೇ ಸಾಲು: ಪ್ರಿಂಟರ್ ಸರಿಪಡಿಸಿದೆ. ಪ್ರತಿ ಪುಟಕ್ಕೂ ಸಹಿಯಿತ್ತು. ಸಹಿ ಹಾಕಿದವರು ಅದನ್ನು ಓದಿದಂತೆ ಕಾಣಲಿಲ್ಲ. ಸಂಬಳವಿಲ್ಲದ ಆ ಕೆಲಸಕ್ಕೆ ಹೋಗಿಬರಲು ಅವಳು ಸಾಲ ಮಾಡಿ ಮಟಾಟು ವ್ಯಾನಿನ ದರ ತೆತ್ತಿದ್ದಳು.

ಅಲ್ಲಿ ಕಲಿಯಲು ತಕ್ಕ ಕೆಲಸಕ್ಕೆ ಬರವಿಲ್ಲ. 2007ರಲ್ಲಿ ಬಂದ ಎಂ-ಪೆಸಾ, ಬ್ಯಾಂಕ್ ಖಾತೆಯಿಲ್ಲದವರೂ ಸಾಮಾನ್ಯ ಮೊಬೈಲಿನಿಂದ ಹಣ ಕಳಿಸುವಂತೆ ಮಾಡಿತು. 2008ರಲ್ಲಿ, ಚುನಾವಣೆಯ ನಂತರದ ಹಿಂಸಾಚಾರದ ನಡುವೆ, ಜನರು ಕಳಿಸಿದ ವರದಿಗಳನ್ನು ನಕಾಶೆಯ ಮೇಲೆ ಗುರುತಿಸುವ 'ಉಶಾಹಿದಿ' ಹುಟ್ಟಿತು. ಸ್ವಾಹಿಲಿಯಲ್ಲಿ ಅದಕ್ಕೆ ಸಾಕ್ಷ್ಯವೆಂದು ಅರ್ಥ. ಎರಡೂ ಜನರ ನಿಜವಾದ ಅಗತ್ಯಕ್ಕೆ ಒದಗಿದವು.

ಅಟ್ಯಾಚ್‌ಮೆಂಟ್ ಕೂಡ ಅಂಥ ಅಗತ್ಯದಿಂದಲೇ ತೊಡಗಲಿ. ಮೊದಲ ದಿನವೇ ವಿದ್ಯಾರ್ಥಿಗೆ ಮುಗಿಸಬಲ್ಲ ಒಂದು ಸಮಸ್ಯೆಯನ್ನು ಕೊಡಬೇಕು: ಆಸ್ಪತ್ರೆಯ ಔಷಧ ದಾಸ್ತಾನಿನ ಲೆಕ್ಕದಂಥದ್ದು. ದೇಶದ 47 ಕೌಂಟಿ ಸರ್ಕಾರಗಳು ಇಂಥ ಅವಕಾಶ ತೆರೆದರೆ ಎಲ್ಲರೂ ನೈರೋಬಿಗೇ ಬರಬೇಕಾಗಿಲ್ಲ. ಪ್ರಯಾಣ ಮತ್ತು ಊಟದ ಖರ್ಚನ್ನು ಕೆಲಸ ಪಡೆಯುವವರೇ ಭರಿಸಬೇಕು. ಇಲ್ಲವಾದರೆ ಮೊದಲು ಹೊರಗುಳಿಯುವವರು ಬಡವರ ಮಕ್ಕಳು.

ಕೊನೆಯದಾಗಿ, ಅವರು ಬರೆದ ಕೋಡನ್ನು ವಾರಕ್ಕೊಮ್ಮೆಯಾದರೂ ಓದಿ ತಿದ್ದುವ ಹಿರಿಯರೊಬ್ಬರು ಬೇಕು. ಈ ಸಭೆಯಲ್ಲಿ ಸಾಫ್ಟ್‌ವೇರ್ ವೃತ್ತಿಯವರು ಹಲವರಿದ್ದೀರಿ. ಆ ಕೆಲಸವನ್ನು ನೀವು ಇಲ್ಲಿಂದಲೇ ಮಾಡಬಲ್ಲಿರಿ. ವಾರದಲ್ಲಿ ಒಂದು ಗಂಟೆಯನ್ನು ನಾನು ನಿಮ್ಮಲ್ಲಿ ಕೇಳುತ್ತಿದ್ದೇನೆ.