ಮೊದಲು ಚೌಕಟ್ಟು, ಆಮೇಲೆ ಮೋಟಾರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



"ಸಾಫ್ಟ್‌ವೇರಿನವನು, ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳು" ಎಂದು ಸಮಿತಿಯವರು ಹೇಳಿದ್ದರು. ಆದರೆ ನಾನು ಹೇಳಹೊರಟಿರುವುದು ಮರ ಕೆತ್ತುವ ಒಂದು ಯಂತ್ರದ ಕಥೆ. ಅದನ್ನು ಇಲ್ಲೇ ಜಡೆಯಲ್ಲಿ, ನಮ್ಮ ಮನೆಯ ಖಾಲಿ ಕೊಟ್ಟಿಗೆಯಲ್ಲಿ ಎರಡು ಸಲ ಕಟ್ಟಿದೆ. ಮೊದಲನೆಯದು ಕೆಟ್ಟಿತು. ಯಾಕೆ ಕೆಟ್ಟಿತು ಎಂಬುದನ್ನು ಹೇಳಿದರೆ ನಿಮಗೆ ಉಪಯೋಗವಾದೀತು ಎಂದುಕೊಂಡಿದ್ದೇನೆ.

ನಮ್ಮಪ್ಪ ಮರಗೆಲಸದವರು ಎಂಬುದು ಇಲ್ಲಿರುವ ಅನೇಕರಿಗೆ ಗೊತ್ತು. 2020ರಲ್ಲಿ ಲಾಕ್‌ಡೌನ್ ಆದಾಗ ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಬೆಂಗಳೂರಿನಿಂದ ಊರಿಗೆ ಬಂದೆ. ಅಪ್ಪನಿಗೆ ಆಗಲೇ ಅರವತ್ತು ದಾಟಿತ್ತು. ಬೆಳಿಗ್ಗೆಯಿಂದ ಉಳಿ ಹಿಡಿದ ಬೆರಳು ಸಂಜೆ ಅನ್ನ ಕಲಸಲು ಮಡಚುತ್ತಿರಲಿಲ್ಲ. ಬಾಗಿಲಿಗೆ ಒಂದು ಹೂವು ಕೆತ್ತುವುದೆಂದರೆ, ಹೂವಿನ ಕೆಲಸಕ್ಕಿಂತ ಅದರ ಸುತ್ತಲಿನ ಮರ ತೆಗೆದು ತಳ ಇಳಿಸುವ ಕೆಲಸವೇ ಹೆಚ್ಚು. ಅಷ್ಟನ್ನು ಯಂತ್ರ ಮಾಡಿದರೆ ಅಪ್ಪ ಹೂವನ್ನಷ್ಟೇ ಕೆತ್ತಬಹುದು ಎಂಬುದು ನನ್ನ ಆಸೆ.

ಆ ಯಂತ್ರದ ಹೆಸರು ಸಿಎನ್‌ಸಿ ರೌಟರ್. ಕಂಪ್ಯೂಟರ್ ಹೇಳಿದ ಅಳತೆಗೆ ತಕ್ಕಂತೆ ಎಡಬಲ, ಹಿಂದೆಮುಂದೆ, ಮೇಲೆಕೆಳಗೆ ಓಡಾಡುವ, ಗರಗರ ತಿರುಗುವ ಉಳಿ ಎಂದುಕೊಳ್ಳಿ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇಂಥ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ತೋರಿಸಿದಾಗ, ಅದರ ನಿಯಂತ್ರಣದ ಸಲಕರಣೆಗೇ ದೊಡ್ಡ ಬೀರುವಿನಷ್ಟು ಜಾಗ ಬೇಕಿತ್ತು. ಈಗ ಅಂಗೈಯಷ್ಟು ಆರ್ಡುಯಿನೊ ಬೋರ್ಡು ಸಾಕು. ಅದರೊಳಗೆ ಓಡುವ 'ಜಿಆರ್‌ಬಿಎಲ್' ಎಂಬ ತಂತ್ರಾಂಶ 2009ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ತಲೆ ಅಗ್ಗವಾಗಿದೆ, ಸ್ವಾಮಿ. ದುಬಾರಿಯಾಗಿರುವುದು ಮೈ.

ಇದು ನನಗೆ ಗೊತ್ತಿರಲಿಲ್ಲ. ಕೋಡ್ ಬರೆಯುವವನಿಗೆ ತಲೆಯೇ ದೊಡ್ಡದು. ನಾನು ಮೊದಲು ಕೊಂಡದ್ದು ಸ್ಪಿಂಡಲ್, ಅಂದರೆ ಉಳಿಯನ್ನು ತಿರುಗಿಸುವ ಮೋಟಾರು. ನೀರಿನಿಂದ ತಂಪಾಗುವ 2.2 ಕಿಲೋವ್ಯಾಟಿನದು. ಅರ್ಧ ದುಡ್ಡು ಅದಕ್ಕೇ ಹೋಯಿತು. ಉಳಿದದ್ದರಲ್ಲಿ 20 ಮಿ.ಮೀ. ಅಲ್ಯೂಮಿನಿಯಂ ಕಂಬಿಗಳ ಚೌಕಟ್ಟು, ತೆಳ್ಳನೆಯ ಸ್ಕ್ರೂ, ಸಣ್ಣ ಮೋಟಾರುಗಳನ್ನು ತಂದು ಜೋಡಿಸಿದೆ.

ಅಪ್ಪ ಬಂದು ನೋಡಿದರು. ಏನೂ ಕೇಳದೆ ಅಂಗೈ ಇಟ್ಟು ಒಂದು ಸಲ ಅಲ್ಲಾಡಿಸಿದರು. "ತಮ್ಮಾ, ಇದು ಅಲ್ಲಾಡ್ತದಲ್ಲೋ. ಉಳಿ ಎಷ್ಟು ಚೂಪಿದ್ರೇನು, ಹಿಡಿದಿದ್ದೇ ಕುಣಿದ್ರೆ ಗೆರೆ ನೆಟ್ಟಗೆ ಬರ್ತದಾ?" ಎಂದರು. ನಾನು ನಕ್ಕೆ. ಬಿ.ಇ. ಓದಿದವನಿಗೆ ಅಷ್ಟೂ ಗೊತ್ತಿಲ್ಲವೇ ಎಂಬ ನಗು ಅದು.

ಒಬ್ಬರ ಗೃಹಪ್ರವೇಶಕ್ಕೆ ಅಪ್ಪ ಬಾಗಿಲು ಒಪ್ಪಿಕೊಂಡಿದ್ದರು. ಒಳ್ಳೆಯ ಸಾಗುವಾನಿ ಹಲಗೆ. ನಾನು ಹಠ ಹಿಡಿದು ಅದನ್ನು ಯಂತ್ರಕ್ಕೆ ಹಾಕಿದೆ. ಮೂರು ಗಂಟೆ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಗಂಟು ಸಿಕ್ಕಿ ಯಂತ್ರ ನರಳಿತು, ಮತ್ತೆ ಮುಂದುವರಿಯಿತು. ಕೆಲಸ ಮುಗಿದ ಮೇಲೆ ನೋಡಿದರೆ ಹೂವಿನ ಅರ್ಧ ಒಂದು ಕಡೆ, ಉಳಿದರ್ಧ ನಾಲ್ಕು ಮಿ.ಮೀ. ಆಚೆ! ಇಂಥ ಸ್ಟೆಪ್ಪರ್ ಮೋಟಾರು ಹೆಜ್ಜೆ ತಪ್ಪಿದರೆ ಅದು ತಪ್ಪಿತೆಂದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ. ಅದು ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಕೆತ್ತುತ್ತಾ ಹೋಗುತ್ತದೆ.

ಅಪ್ಪ ಬೈಯಲಿಲ್ಲ. ನಮ್ಮ ಮನೆಯ ಹೆಬ್ಬಾಗಿಲಿಗೆಂದು ವರ್ಷಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಇಟ್ಟಿದ್ದ ಹಲಗೆ ಇಳಿಸಿದರು. ಮೂರು ರಾತ್ರಿ ಕೈಯಲ್ಲೇ ಕೆತ್ತಿದರು. ನಾನು ದೀಪ ಹಿಡಿದು ಕೂತಿದ್ದೆ. ಕೊಟ್ಟ ಮಾತಿನ ದಿನಕ್ಕೆ ಬಾಗಿಲು ಹೋಯಿತು. ಆ ಮೂರು ರಾತ್ರಿಯಲ್ಲಿ ನಾನು ಕಲಿತದ್ದನ್ನು ನಾಲ್ಕು ವರ್ಷದ ಕಾಲೇಜಿನಲ್ಲಿ ಕಲಿತಿರಲಿಲ್ಲ.

ಎರಡನೇ ಯಂತ್ರಕ್ಕೆ ಸಾಮಾನು ಆರಿಸುವಾಗ ಕ್ರಮವನ್ನು ತಿರುಗಿಸಿದೆ. ಏನು ಮಾಡಬೇಕು ಎಂಬುದು ಮೊದಲು. ಇಡೀ ಬಾಗಿಲನ್ನೇ ಯಂತ್ರದ ಮೇಲೆ ಮಲಗಿಸಬೇಕೆಂದಿಲ್ಲ, ಒಳಗಿನ ಕೆತ್ತನೆಯ ಹಲಗೆ ಹಿಡಿದರೆ ಸಾಕು. ಹಾಗಾಗಿ ಕೆಲಸದ ಜಾಗ 600ಕ್ಕೆ 800 ಮಿ.ಮೀ. ಮಾತ್ರ. ದೊಡ್ಡದಿರಲಿ ಎಂಬ ಆಸೆಗೆ ಏನು ಬೆಲೆ ತೆರಬೇಕು ಗೊತ್ತೇ? ಅಡಿಕೆ ಕೊಯ್ಯುವ ದೋಟಿಯನ್ನು ನೆನಪಿಸಿಕೊಳ್ಳಿ. ಉದ್ದ ಹೆಚ್ಚಿದಷ್ಟೂ ತುದಿ ಬಾಗುತ್ತದೆ. ಅಷ್ಟೇ ದಪ್ಪದ ಗಳುವನ್ನು ಎರಡು ಪಟ್ಟು ಉದ್ದ ಮಾಡಿ ತುದಿಗೆ ಅಷ್ಟೇ ಭಾರ ಹಾಕಿದರೆ ಅದು ಬಾಗುವುದು ಎರಡು ಪಟ್ಟಲ್ಲ, ಎಂಟು ಪಟ್ಟು. ವಿಜ್ಞಾನದ ಮೇಷ್ಟ್ರು ಮೇಜಿನ ಅಂಚಿಗೆ ಸ್ಕೇಲ್ ಒತ್ತಿ ಹಿಡಿದು ತೋರಿಸಿದ್ದು ಇದನ್ನೇ.

ಎರಡನೆಯದು ಚೌಕಟ್ಟು. ಅಲ್ಯೂಮಿನಿಯಂ ಬಿಟ್ಟು 100ಕ್ಕೆ 50 ಮಿ.ಮೀ. ಕಬ್ಬಿಣದ ಬಾಕ್ಸ್ ಪೈಪ್ ತಂದು, ಗ್ರಿಲ್ ಮಾಡುವ ಅಂಗಡಿಯಲ್ಲಿ ಬೆಸುಗೆ ಹಾಕಿಸಿದೆ. ಮಾಡಿಗೆ ತೊಲೆ ಹಾಕುವಾಗ ಅದನ್ನು ಅಗಲಕ್ಕೆ ಮಲಗಿಸುವುದಿಲ್ಲ, ಎತ್ತರಕ್ಕೆ ನಿಲ್ಲಿಸುತ್ತೇವಲ್ಲ, ಹಾಗೆ. ಬೆಸುಗೆಯ ಬಿಸಿಗೆ ಕಬ್ಬಿಣ ಸೊಟ್ಟಗಾಗುತ್ತದೆ. ಅದನ್ನು ಸರಿಮಾಡಿದವರು ಅಪ್ಪ. ದಾರಂದ ಕೂರಿಸುವಾಗ ಮಾಡುವಂತೆ ಮೂಲೆಯಿಂದ ಮೂಲೆಗೆ ಅಳೆದರು, ರಸಮಟ್ಟ ಇಟ್ಟರು, ಎಲ್ಲಿ ತಗ್ಗೋ ಅಲ್ಲಿ ತೆಳು ತಗಡು ಕೊಟ್ಟರು.

ಮೂರನೆಯದು ಹಳಿ ಮತ್ತು ಸ್ಕ್ರೂ. ಎರಡು ತುದಿಗೆ ಮಾತ್ರ ಆಸರೆ ಇರುವ ದುಂಡು ಸಲಾಕೆ ನಡುವೆ ಬಾಗುತ್ತದೆ. ಅದರ ಬದಲು ಉದ್ದಕ್ಕೂ ಚೌಕಟ್ಟಿಗೆ ಬೋಲ್ಟ್ ಆಗುವ ಚೌಕ ಹಳಿ ಹಾಕಿದೆ. ಟ್ರ್ಯಾಕ್ಟರಿನ ಸ್ಟೇರಿಂಗ್‌ನಲ್ಲಿ 'ಆಟ' ಇರುತ್ತದಲ್ಲ, ಅದೇ ಆಟ ಸ್ಕ್ರೂವಿನಲ್ಲಿದ್ದರೆ ವೃತ್ತ ಮೊಟ್ಟೆಯಾಗುತ್ತದೆ. ಅದಕ್ಕೆ ಎರಡು ದಿಕ್ಕಿಗೆ 16 ಮಿ.ಮೀ. ದಪ್ಪದ, ಸುತ್ತಿಗೆ 5 ಮಿ.ಮೀ. ಸಾಗುವ ಬಾಲ್ ಸ್ಕ್ರೂ. ಆದರೆ ಬಾಲ್ ಸ್ಕ್ರೂ ಬಹಳ ನುಣುಪು. ಕರೆಂಟು ಹೋದರೆ ಸ್ಪಿಂಡಲ್ಲಿನ ಭಾರಕ್ಕೆ ತಾನೇ ತಿರುಗಿ ಕೆಳಗಿಳಿಯಬಹುದು. ನಮ್ಮೂರಿನ ಕರೆಂಟಿನ ವಿಷಯ ನಿಮಗೆ ನಾನು ಹೇಳಬೇಕೇ? ಹಾಗಾಗಿ ಮೇಲೆಕೆಳಗಿನ ದಿಕ್ಕಿಗೆ ಮಾತ್ರ ಸುತ್ತಿಗೆ 2 ಮಿ.ಮೀ. ಸಾಗುವ ಸಾದಾ ಸ್ಕ್ರೂ. ನಿಧಾನ, ಆದರೆ ನಿಂತಲ್ಲೇ ನಿಲ್ಲುತ್ತದೆ.

ನಾಲ್ಕನೆಯದು ಮೋಟಾರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ನೆಮಾ 23 ಸ್ಟೆಪ್ಪರ್. ಇದು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು ಎಂಟು ಭಾಗ ಮಾಡಿದರೆ 1600. ಅಷ್ಟಕ್ಕೆ ಸಾಗುವುದು 5 ಮಿ.ಮೀ. ಮಕ್ಕಳೇ, ಒಂದು ಮಿ.ಮೀ.ಗೆ ಎಷ್ಟು? ಹೌದು, 320. ಜಿಆರ್‌ಬಿಎಲ್‌ಗೆ ನಾವು ಹೇಳಿಕೊಡಬೇಕಾದ ಮುಖ್ಯ ಸಂಖ್ಯೆ ಇದೇ. ಮೂಲೆಗಳಿಗೆ ಲಿಮಿಟ್ ಸ್ವಿಚ್ ಹಾಕಿದ್ದೇನೆ. ಕರೆಂಟು ಹೋಗಿ ಬಂದರೆ ಯಂತ್ರ ಮೊದಲು ತನ್ನ ಮನೆಮೂಲೆ ಮುಟ್ಟಿ, ಅಲ್ಲಿಂದ ಲೆಕ್ಕ ಶುರುಮಾಡುತ್ತದೆ.

ಕೊನೆಗೆ ಸ್ಪಿಂಡಲ್. ದೊಡ್ಡದನ್ನು ಮಾರಿ, ಬಡಗಿಗಳು ಕೈಯಲ್ಲಿ ಹಿಡಿಯುವ ಸಣ್ಣ ಟ್ರಿಮ್ಮರನ್ನೇ ಕೂರಿಸಿದೆ. ನಿಮಿಷಕ್ಕೆ 18,000 ಸುತ್ತು, ಎರಡು ಬಾಯಿಯ ಬಿಟ್, ಒಂದೊಂದು ಬಾಯಿ 0.05 ಮಿ.ಮೀ. ಮರ ಕಚ್ಚಿದರೆ ನಿಮಿಷಕ್ಕೆ 1,800 ಮಿ.ಮೀ. ಓಡಬೇಕು. ಚೌಕಟ್ಟು ಗಟ್ಟಿಯಿಲ್ಲದೆ ನಾವು ನಿಧಾನ ಮಾಡಿದರೆ ಬಿಟ್ ಮರವನ್ನು ಕತ್ತರಿಸದೆ ಉಜ್ಜುತ್ತದೆ, ಮರ ಕಪ್ಪಾಗಿ ಸುಡುತ್ತದೆ. ಮೊದಲ ಯಂತ್ರದಲ್ಲಿ ನನ್ನ ದುಬಾರಿ ಮೋಟಾರಿನ ಶಕ್ತಿಯೆಲ್ಲ ಹೊಗೆಯಾಗಿ ಹೋದದ್ದು ಹೀಗೆ.

ಇನ್ನು ಎರಡು ಸಾಮಾನಿನಲ್ಲಿ ಜಿಪುಣತನ ಬೇಡ: ಸರಿಯಾದ ಅರ್ತಿಂಗ್ ಮತ್ತು ಕೈಗೆ ಎಟಕುವ ಕೆಂಪು ಸ್ಟಾಪ್ ಬಟನ್. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಕೂಡ. ನಮ್ಮ ಮಳೆಗಾಲಕ್ಕೆ ಎಂಡಿಎಫ್ ಉಬ್ಬುತ್ತದೆ, ಅದಕ್ಕೇ ತಳಕ್ಕೆ ಒಳ್ಳೆಯ ಪ್ಲೈವುಡ್ ಹಾಕಿದೆ.

ಯಂತ್ರ ಸಿದ್ಧವಾದ ದಿನ ಮೊದಲು ಮೂರು ತೂತು ಕೊರೆಸಿದೆ. ಒಂದು ಮೂಲೆಯಲ್ಲಿ, ಒಂದು ಅಲ್ಲಿಂದ 600 ಮಿ.ಮೀ. ಅಡ್ಡಕ್ಕೆ, ಇನ್ನೊಂದು 800 ಮಿ.ಮೀ. ಉದ್ದಕ್ಕೆ. ಕರ್ಣ ಸರಿಯಾಗಿ 1000 ಬರಬೇಕು, ಪೈಥಾಗೋರಸನ ಲೆಕ್ಕ. ಟೇಪ್ ಹಿಡಿದವರು ಅಪ್ಪ. "ಸಾವಿರ" ಎಂದರು. ಮತ್ತೆ ಅಂಗೈ ಇಟ್ಟು ಅಲ್ಲಾಡಿಸಿದರು. ಅಲ್ಲಾಡಲಿಲ್ಲ.

ಈ ಯಂತ್ರ ಕೈಕೆಲಸದವರ ಅನ್ನ ಕಸಿಯುವುದಿಲ್ಲವೇ ಎಂದು ನೀವು ಕೇಳಬಹುದು. ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆ ನೋಡಿ ಬೆಳೆದವರು ನಾವು, ಕೇಳಲೇಬೇಕಾದ ಪ್ರಶ್ನೆ. ಒಂದೇ ವಿನ್ಯಾಸದ ನೂರು ಹಲಗೆಯ ಕೆಲಸ ಯಂತ್ರಕ್ಕೆ ಹೋಗುತ್ತಿದೆ, ಅದನ್ನು ಮುಚ್ಚಿಟ್ಟು ಹೇಳಲಾರೆ. ಆದರೆ ಯಂತ್ರ ಯಾರ ಕೊಟ್ಟಿಗೆಯಲ್ಲಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ನಮ್ಮ ಪಕ್ಕದ ಕುಬಟೂರಿನ ಕೈಟಭೇಶ್ವರ ದೇವಸ್ಥಾನಕ್ಕೆ ಶಾಲೆಯಿಂದ ಹೋಗಿದ್ದೆವಲ್ಲ, ಸುಮಾರು 1100ರ ಕಾಲದ ಆ ಮಂಟಪದ ನುಣುಪು ಕಂಬಗಳನ್ನು ತಿರುಗಿಸಿ ಕಡೆದದ್ದು ಎನ್ನುತ್ತಾರೆ. ಆ ಕಾಲದ ಶಿಲ್ಪಿಯೂ ದುಂಡು ತೆಗೆಯುವ ಕೆಲಸವನ್ನು ತಿರುಗಣಿಗೆ ಬಿಟ್ಟು, ಸೂಕ್ಷ್ಮದ ಕೆಲಸಕ್ಕೆ ಉಳಿ ಹಿಡಿದಿರಬೇಕು.

ಈ ವರ್ಷ ನಮ್ಮ ಮನೆಗೆ ಹೊಸ ಹೆಬ್ಬಾಗಿಲು ಬಂದಿದೆ. ತಳ ಇಳಿಸಿದ್ದು ಯಂತ್ರ. ಹೂವಿನ ಎಸಳಿನ ಅಂಚು, ಹಂಸದ ಕಣ್ಣು ಅಪ್ಪನದು. ಆ ದಿನ ಸಂಜೆ ಅವರು ಬೆರಳು ಮಡಚಿ ಅನ್ನ ಕಲಸಿ ಉಂಡರು.

ಕೊಟ್ಟಿಗೆಯ ಬಾಗಿಲು ತೆರೆದಿರುತ್ತದೆ. ಭಾನುವಾರ ನಾನು ಊರಲ್ಲಿದ್ದಾಗ ಬನ್ನಿ ಮಕ್ಕಳೇ. ಯಂತ್ರ ಮುಟ್ಟಿ ನೋಡಿ, ಅಲ್ಲಾಡಿಸಿಯೂ ನೋಡಿ.