ರಸ್ತೆಯಿಂದ ಊರಿಗೇನು?

(ಹ್ಯಾಂಬರ್ಗಿನ ಕನ್ನಡ ಕೂಟದಲ್ಲಿ ಆಡಿದ ಮಾತು)



ಊಟಕ್ಕೆ ಮುಂಚೆ ನನ್ನನ್ನು ಮಾತಾಡಲು ನಿಲ್ಲಿಸಿದ್ದಾರೆ. ಬಿಸಿಬೇಳೆಬಾತಿನ ಘಮ ನನಗೂ ಬರ್ತಿದೆ, ಬೇಗ ಮುಗಿಸ್ತೀನಿ.

ಇಲ್ಲಿ ಬಂದಿರುವ ಬಹುತೇಕರು ಎ-7 ಆಟೋಬಾನ್ ಮೇಲೇ ಬಂದಿದ್ದೀರಿ. 1970ರ ದಶಕದಲ್ಲಿ ಈ ರಸ್ತೆ ಹ್ಯಾಂಬರ್ಗಿನ ಪಶ್ಚಿಮ ಭಾಗವನ್ನು ಎರಡಾಗಿ ಸೀಳಿತು. ದಿನಕ್ಕೆ ಒಂದೂವರೆ ಲಕ್ಷದಷ್ಟು ಗಾಡಿಗಳು ಓಡಾಡುತ್ತವೆ. ಈಗ ಅದೇ ರಸ್ತೆಗೆ ಮುಚ್ಚಳ ಹಾಕಿದ್ದಾರೆ! ಜರ್ಮನ್ನರೂ ಅದನ್ನು 'ಡೆಕೆಲ್', ಅಂದರೆ ಮುಚ್ಚಳ ಅಂತಲೇ ಕರೀತಾರೆ. ಷ್ನೆಲ್ಸನ್‌ನಲ್ಲಿ 560 ಮೀಟರ್, ಷ್ಟೆಲ್ಲಿಂಗನ್‌ನಲ್ಲಿ ಸುಮಾರು 900 ಮೀಟರ್ ಮುಗಿದಿದೆ. ಆಲ್ಟೋನಾದಲ್ಲಿ ಎರಡು ಕಿಲೋಮೀಟರಿಗೂ ಉದ್ದದ್ದು. ಕೆಳಗೆ ಲಾರಿ, ಮೇಲೆ ಮಣ್ಣು, ಹುಲ್ಲು, ತೋಟ.

ಇದೇನು ಸರ್ಕಾರ ಕರುಣೆಯಿಂದ ಕೊಟ್ಟದ್ದಲ್ಲ ಗೆಳೆಯರೇ. ಹೊಸ ರಸ್ತೆ ಮಾಡಿದರೆ, ಅಥವಾ ಇರುವುದನ್ನು ಅಗಲ ಮಾಡಿದರೆ, ವಸತಿ ಪ್ರದೇಶದಲ್ಲಿ ಸದ್ದು ಹಗಲು 59, ರಾತ್ರಿ 49 ಡೆಸಿಬಲ್ ಮೀರಬಾರದು ಅಂತ 1990ರ ನಿಯಮ ಇದೆ. ಎ-7 ಅಗಲ ಮಾಡಲು ಹೊರಟಾಗ ಆ ಹೊಣೆ ರಸ್ತೆಯವರ ತಲೆಗೆ ಬಂತು. ಆಲ್ಟೋನಾದ ನಿವಾಸಿಗಳು 'ಓನೆ ಡಾಖ್ ಇಸ್ಟ್ ಕ್ರಾಖ್', ಸೂರಿಲ್ಲದಿದ್ದರೆ ಗದ್ದಲ, ಅಂತ ಪ್ರಾಸಬದ್ಧವಾಗಿ ಸಂಘ ಕಟ್ಟಿದರು. ನಿಯಮ ಕೇಳುವಷ್ಟು ಉದ್ದಕ್ಕೆ ಕೇಂದ್ರದ ಹಣ, ಅದಕ್ಕಿಂತ ಹೆಚ್ಚಿಗೆ ಬೇಕಾದ್ದಕ್ಕೆ ನಗರದ ಹಣ. ಆ ಹಣ ಹುಟ್ಟಿಸಿದ ಲೆಕ್ಕ ನನಗೆ ಬಹಳ ಹಿಡಿಸಿತು: ಅಕ್ಕಪಕ್ಕದ ಸಣ್ಣ ಕೈತೋಟಗಳನ್ನು ಮುಚ್ಚಳದ ಮೇಲಕ್ಕೆ ಸಾಗಿಸಿ, ಖಾಲಿಯಾದ ಜಾಗವನ್ನು ಮನೆ ಕಟ್ಟಲು ಮಾರುವುದು!

ಈಗ ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಗೆ ಬನ್ನಿ. 118 ಕಿಲೋಮೀಟರ್, 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ನಾನು ಅದರ ವಿರೋಧಿ ಅಲ್ಲ. ರಜೆಗೆ ಹೋದಾಗ ಮಗಳಿಗೆ ಬೊಂಬೆ ಕೊಡಿಸೋಣ ಅಂತ ಹೊರಟೆ. ಮಾತಾಡ್ತಾ ಮಾತಾಡ್ತಾ ಚನ್ನಪಟ್ಟಣ ದಾಟಿದ್ದೇ ತಿಳಿಯಲಿಲ್ಲ, ಮಂಡ್ಯ ಬಂದುಬಿಟ್ಟಿತ್ತು! ತಪ್ಪು ನನ್ನದೇ. ಆದರೆ ಬೊಂಬೆ ಅಂಗಡಿಯವನಿಗೆ ನನ್ನಂಥ ಗಿರಾಕಿ ದಿನಕ್ಕೆ ಎಷ್ಟು ಜನ ಹೀಗೆ ದಾಟಿ ಹೋಗ್ತಾರೋ? ಬಿಡದಿಯ ತಟ್ಟೆ ಇಡ್ಲಿ, ಮದ್ದೂರು ವಡೆ, ಇವೆಲ್ಲ ಹಳೇ ರಸ್ತೆಯನ್ನೇ ನಂಬಿ ಬೆಳೆದದ್ದು ಅಲ್ವಾ?

ಇನ್ನೊಂದು ಮಾತು. 2023ರ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. ಅಪಘಾತಗಳನ್ನು ನೋಡಿದರೆ ಸರಿಯಾದ ಕ್ರಮವೇ. ಆದರೆ ಯಾರ ಹೊಲದ ಮೇಲೆ ರಸ್ತೆ ಹೋಯಿತೋ ಅವರ ಟ್ರಾಕ್ಟರಿಗೆ ಅಲ್ಲಿ ಜಾಗವಿಲ್ಲ! ಹಾಗಿದ್ದ ಮೇಲೆ ಅವರಿಗೆ ಉಳಿದ ಸರ್ವಿಸ್ ರಸ್ತೆ, ಕೆಳಸೇತುವೆ, ಕಾಲುಸೇತುವೆ ಮೊದಲ ದರ್ಜೆಯದಾಗಿರಬೇಕು. 2022ರ ಆಗಸ್ಟ್ ಮಳೆಗೆ ರಾಮನಗರದ ಬಳಿ ಈ ಹೆದ್ದಾರಿಯೇ ನೀರಲ್ಲಿ ನಿಂತಿತ್ತು, ನೆನಪಿದೆಯಾ? ಟೋಲ್ ಹಣದಲ್ಲಿ ಮೊದಲು ಆಗಬೇಕಾದ್ದು ಚರಂಡಿ ಮತ್ತು ದೀಪ.

ನಮಗೆ ಮುಚ್ಚಳ ಬೇಡ, ಅಷ್ಟು ದುಡ್ಡೂ ಇಲ್ಲ. ಅಗ್ಗದ್ದೇ ಕಲಿಯೋಣ. ಆಟೋಬಾನ್ ಪಕ್ಕ ಕಂದು ಬಣ್ಣದ ಫಲಕ ನೋಡಿರ್ತೀರಿ: ಇಲ್ಲೊಂದು ಕೋಟೆ, ಅಲ್ಲೊಂದು ದ್ರಾಕ್ಷಿ ಸೀಮೆ ಅಂತ. 1984ರಿಂದ ಹಾಕ್ತಿದ್ದಾರೆ. ಪ್ರತಿ ತಿರುವಿಗೂ ಮುಂಚೆ ಬೊಂಬೆಯ ಚಿತ್ರ, ವಡೆಯ ಚಿತ್ರ, ದೊಡ್ಡ ಕನ್ನಡ ಅಕ್ಷರ! ತಂಗುದಾಣದ ಮಳಿಗೆಗಳು ಊರಿನ ಹೆಂಗಸರ ಸಂಘಗಳಿಗೆ, ಟೋಲ್ ಕಟ್ಟೆಯ ಕೆಲಸ ಆ ತಾಲ್ಲೂಕಿನ ಹುಡುಗರಿಗೆ. ಇಲ್ಲಿಯ ತಂಗುದಾಣಗಳ ಒಂದು ಯೂರೋ ಶೌಚಾಲಯ ಮಾತ್ರ ಕಲಿಯೋದು ಬೇಡ.

ಇದನ್ನೆಲ್ಲ ಹೆದ್ದಾರಿ ಪ್ರಾಧಿಕಾರಕ್ಕೆ ಕನ್ನಡದಲ್ಲೇ ಬರೆದು, ಊಟದ ಮೇಜಿನ ಪಕ್ಕ ಇಟ್ಟಿದ್ದೇನೆ. ಓದಿ, ತಿದ್ದಿ, ಸಹಿ ಹಾಕಿ. ಜರ್ಮನಿಯ ವಿಳಾಸದ ಕೆಳಗೆ ನಿಮ್ಮ ಹುಟ್ಟೂರಿನ ಹೆಸರನ್ನೂ ಬರೆಯಿರಿ. ಪೆನ್ನು ಒಂದೇ ಇದೆ, ಸಾಲಾಗಿ ಬನ್ನಿ.